ಕೈಗುಣ

ಕೊಕುರದ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ನನ್ನ ಕೆಲಸ:
ಯಾರದೋ ಗಂಟಲು, ಯಾರದೋ ಕಂಕುಳು,
ಹತ್ತಿಕಡ್ಡಿಯ ತುದಿಗೆ ಅಂಟಿ ಬಂದದ್ದನ್ನು
ಕುರಿಯ ನೆತ್ತರು ಬೆರೆಸಿದ ಕಡಲಪಾಚಿಯ ತಟ್ಟೆಗೆ ಗೀಚಿ
ಒಂದು ರಾತ್ರಿ ಬೆಚ್ಚಗಿಟ್ಟು
ಬೆಳಗ್ಗೆ ನೋಡುವುದು.

ಬಹುಪಾಲು ಏನೂ ಇರುವುದಿಲ್ಲ. ಅಂದರೆ
ಇರುತ್ತಾರೆ, ಗಸಗಸೆ ಚೆಲ್ಲಿದ ಹಾಗೆ ತಟ್ಟೆ ತುಂಬ,
ಇರಬೇಕಾದವರೇ.
ಹುಟ್ಟಿದ ಗಳಿಗೆಯಿಂದ ಕರಾರುಪತ್ರವಿಲ್ಲದೆ
ಮೈಯಲ್ಲಿ ಕೂತ ಒಕ್ಕಲು.
ವರದಿಯಲ್ಲಿ ಅವರಿಗೆಲ್ಲ ಸೇರಿ ಒಂದೇ ಪದ: ಮಾಮೂಲು.
ಹೆಸರು ಸಿಗುವುದು ಕೊಲ್ಲಲು ಬಂದವರಿಗೆ ಮಾತ್ರ.

ಗಂಟೆಗೆ ಆರು ಸಲ ಸ್ಪಿರಿಟ್ಟಿನಲ್ಲಿ ತೊಳೆದ ಕೈ ಇದು.
ಅತ್ತೆ ಮೂಸಿ ನೋಡಿ ನಗುತ್ತಿದ್ದಳು:
ಮಿನೆಕೋ, ನಿನ್ನ ಕೈಯಲ್ಲಿ ಮನೆಮಂದಿಯೇ ಇಲ್ಲವಲ್ಲೇ!

ಸಿಂಕಿನ ಕೆಳಗೆ ಅವಳದೊಂದು ಜಾಡಿ.
ಅಕ್ಕಿ ತೌಡು, ಉಪ್ಪು, ಒಣಮೆಣಸಿನಕಾಯಿ.
ಅವಳ ಅತ್ತೆ ಕೊಟ್ಟದ್ದು, ಆಕೆಗೆ ಆಕೆಯ ಅತ್ತೆ.
ದಿನಕ್ಕೆರಡು ಸಲ ಬರಿಗೈ ಇಳಿಸಿ
ತಳದ್ದು ಮೇಲಕ್ಕೆ, ಮೇಲಿನದು ತಳಕ್ಕೆ.
ರಾತ್ರಿ ಹೂತ ಸೌತೆ ಬೆಳಗ್ಗೆ ಹುಳಿ ಹಿಡಿದು ಏಳುತ್ತಿತ್ತು.
ನಾನು ಒಂದು ವಾರ ಕಲಸಿದೆ: ಬಣ್ಣದಂಗಡಿಯ ನಾತ.
ತೋಕಿಯೆ ಮತ್ತೆ ಕೈಯಿಟ್ಟಳು,
ಮೂರು ದಿನಕ್ಕೆ ಜಾಡಿ ಹಾದಿಗೆ ಬಂತು.
ಕೈಗುಣ, ಎಂದ ಗಂಡ.
ನಾನು ನಂಬಲಿಲ್ಲ. ನನಗೆ ತಟ್ಟೆ ಬೇಕು.

ಫೆಬ್ರವರಿಯಲ್ಲಿ ನಾಲ್ಕನೇ ಮಹಡಿಯಿಂದ ಇಳಿದ ಕಡ್ಡಿಗಳಲ್ಲಿ
ಒಂದರ ಮೇಲೆ ಅವಳ ಹೆಸರು.
ಗೀಚಿದೆ. ಬೆಳಗ್ಗೆ ನೋಡಿದೆ, ಎರಡು ಸಲ ನೋಡಿದೆ,
ಬರೆದೆ: ಮಾಮೂಲು.
ಗುರುವಾರ ತೀರಿಕೊಂಡಳು.
ಹೃದಯ. ಒಕ್ಕಲಿನ ತಪ್ಪಲ್ಲ.

ಚಿತಾಗಾರದಲ್ಲಿ ಇಬ್ಬಿಬ್ಬರು ಕಡ್ಡಿ ಹಿಡಿದು
ಪಾದದಿಂದ ಶುರುಮಾಡಿ ಮೂಳೆ ಆರಿಸಿದೆವು.
ಬೆಳ್ಳಗೆ, ಹಗುರ.
ಅಷ್ಟು ಶುಚಿಯಾದದ್ದನ್ನು ಲ್ಯಾಬಿನಲ್ಲೂ ಕಂಡಿರಲಿಲ್ಲ.

ಮನೆಗೆ ಬಂದಾಗ ಜಾಡಿಯ ಮುಚ್ಚಳ ತುಸು ಎದ್ದಿತ್ತು.
ಸೋಪು ಮುಟ್ಟದೆ, ಬರೀ ನೀರಲ್ಲಿ ತೊಳೆದು
ಮೊಣಕೈವರೆಗೆ ಇಳಿಸಿದೆ.
ಒಳಗೆ ತಣ್ಣಗಿತ್ತು, ಆದರೆ ಸುಮ್ಮನಿರಲಿಲ್ಲ.
ಬೆರಳ ಸಂದಿಯಲ್ಲಿ ಗುಳ್ಳೆಗಳು ಒಡೆದವು.
ತಳದಲ್ಲಿ, ಆಸ್ಪತ್ರೆಗೆ ಹೊರಡುವ ಮುನ್ನ
ಅವಳು ಹೂತು ಮರೆತ ಅರ್ಧ ಮೂಲಂಗಿ.
ಬಾಯಿಗಿಡಲಾಗದಷ್ಟು ಹುಳಿ. ತಿಂದೆವು.

ಚಳಿ ಮುಗಿಯುವವರೆಗೂ ಕಲಸಿದೆ.
ಒಂದು ಸಂಜೆ, ಎಲ್ಲರೂ ಹೋದ ಮೇಲೆ,
ಲ್ಯಾಬಿನ ತಟ್ಟೆಗೆ ನನ್ನದೇ ಬೆರಳೊತ್ತಿ ಬೆಚ್ಚಗಿಟ್ಟೆ.
ಬೆಳಗ್ಗೆ ಐದೂ ಬೆರಳು, ಅಂಚಿನವರೆಗೆ ಗಸಗಸೆ.
ಯಾವ ಅತ್ತೆಯ ಕಾಲದವರು, ಯಾರು ನನ್ನವರು,
ತಟ್ಟೆ ಹೇಳುವುದಿಲ್ಲ.
ವರದಿ ಯಾರೂ ಕೇಳಿರಲಿಲ್ಲ.
ಕೈ ಮೂಸಿ ನೋಡಿಕೊಂಡೆ.