ಹುಲುಗುಂಡಿಗೆ ಆರು ಅಂಕಿ

ನಿಂಗರಾಜು ಮೇಷ್ಟ್ರ ಅಸೈನ್‌ಮೆಂಟು ಒಂದೇ ಸಾಲು:
ಊರಲ್ಲೊಂದು ಮಾಹಿತಿಯ ಮೂಲ ಹುಡುಕಿ, ಅದಕ್ಕೆ ಕೋಡ್ ಬರೆಯಿರಿ.
ಎಂ.ಟೆಕ್ ಎರಡನೇ ಸೆಮಿಸ್ಟರು. ಹಾಸನದ ಬಸ್‌ಸ್ಟ್ಯಾಂಡಿಗೆ ಬಂದೆ,
ನೋಟ್‌ಬುಕ್ಕು, ಪೆನ್ಸಿಲ್ಲು, ಹತ್ತು ರೂಪಾಯಿಯ ಕಡಲೆಕಾಯಿ.

ಒಂದು ಗಂಟೆ ಕೂತು ಕಂಡಕ್ಟರುಗಳ ಕೂಗು ಎಣಿಸಿದೆ.
ಬೆಂಗ್ಳೂರ್ ಬೆಂಗ್ಳೂರ್, ಮೂವತ್ತೆರಡು.
ಬೇಲೂರು ಹದಿನಾರು. ಅರಸೀಕೆರೆ ಎಂಟು.
ಸಕ್ಲೇಶ್‌ಪುರ ನಾಲ್ಕು. ಚನ್ರಾಪಟ್ನ ಎರಡು.
ಓಡಾಡಿದ ಹೆಸರು ಸವೆಯುತ್ತದೆ,
ಯಾವ ಪ್ರಮೇಯ ಓದದೆಯೂ ನಾಲಿಗೆಗೆ ಇದು ಗೊತ್ತು.
ಹಳೇಬೀಡು ಒಂದು.
ಹುಲುಗುಂಡಿ ಒಂದು, ಒಂದಕ್ಷರವೂ ಸವೆಯದೆ.

ನಿಜ ಹೇಳುತ್ತೇನೆ, ಅರಸೀಕೆರೆ ಒಂಬತ್ತಿತ್ತು.
ಒಂದು ಗೆರೆ ಅಳಿಸಿದೆ.
ಒಟ್ಟು ಅರವತ್ತನಾಲ್ಕಾದರೆ ಲೆಕ್ಕ ನೀರು ಕುಡಿದ ಹಾಗೆ.

ಮರ ಬರೆದೆ, ಬೇರು ಮೇಲೆ, ಎಲೆ ಕೆಳಗೆ.
ತೀರಾ ಅಪರೂಪದವೆರಡನ್ನು ಮೊದಲು ಜೋಡಿಸಬೇಕು,
ಬಡವರ ಮನೆಯ ಬೀಗತನದಂತೆ,
ಆಮೇಲೆ ಅವುಗಳಿಗಿಂತ ಚೂರು ಮೇಲಿನದ್ದು, ಅದರ ಮೇಲಿನದ್ದು.
ಬೆಂಗಳೂರಿಗೆ ಬರೀ ಒಂದು ಸೊನ್ನೆ.
ಹುಲುಗುಂಡಿಗೆ
ಒಂದು ಒಂದು ಒಂದು ಒಂದು ಒಂದು ಒಂದು.
ಸರಾಸರಿ ಉದ್ದ ಎರಡು ಬಿಟ್ಟಿಗೂ ಕಮ್ಮಿ, ಎಂಟ್ರೊಪಿಗೆ ಸರಿಸಮ;
ಇನ್ನು ಕುಗ್ಗಿಸಲು ದೇವರಿಂದಲೂ ಆಗದು ಅಂತ ಹಿಗ್ಗಿದೆ.

"ಮಗಾ, ಹುಲುಗುಂಡಿ ಕೂಗಿದ್ರಾ?"
ಆಸ್ಪತ್ರೆಯ ಆಯಾ ದೇವೀರಮ್ಮ. ಮೈಯೆಲ್ಲ ಡೆಟಾಲ್ ವಾಸನೆ,
ಕೈಯಲ್ಲಿ ಖಾಲಿ ಟಿಫಿನ್ನು.
"ಆಗ್ಲಿಂದ ನೀನೇ ಬರ್ಕೊಂತಿದ್ದೀಯಲ್ಲ."
ಟೈಮ್‌ಕೀಪರ್ ಅಂದುಕೊಂಡಿದ್ದಳು ನನ್ನನ್ನು.
"ಕೂಗಿದ್ರು ಕಣಮ್ಮ. ಹೋಯ್ತು."
"ಒಂದೇ ಸಲ್ವಾ ಕೂಗಿದ್ದು?"

ಹೌದು. ಪುಟದಲ್ಲಿ ಒಂದೇ ಗೆರೆ.
ಬೆಂಗಳೂರು ತಪ್ಪಿಸಿಕೊಂಡವನಿಗೆ
ಇನ್ನೂ ಮೂವತ್ತೊಂದು ಕೂಗು ಮಿಕ್ಕಿರುತ್ತದೆ.
ಸರಾಸರಿ ಅನ್ನುವ ಊರಿಗೆ ಯಾವ ಬಸ್ಸೂ ಇಲ್ಲ.

ಒಂದು ಪದ ಇನ್ನೊಂದರ ಮೊದಲ ತುಂಡಾಗಬಾರದು:
ನಿಯಮ. ಪರೀಕ್ಷೆಗೆ ಗ್ಯಾರಂಟಿ ಬರುತ್ತದೆ.
ದೇವೀರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಬೇಲೂರು ಬಸ್ಸು ಹತ್ತಿದಳು.
"ಕ್ರಾಸಲ್ಲಿ ಇಳ್ಕೊಂಡು ನಡ್ದೋಯ್ತೀನಿ, ಬೆಳ್ದಿಂಗ್ಳೈತೆ."

ಬಸ್ಸಿನ ಹೊಗೆ ಕರಗುವ ತನಕ ಸುಮ್ಮನೆ ಕೂತಿದ್ದೆ.
ಆಮೇಲೆ ಅರಸೀಕೆರೆಯ ಒಂಬತ್ತನೇ ಗೆರೆಯನ್ನು,
ಅಳಿಸಿದ ಗುರುತಿನ ಮೇಲೇ, ಮತ್ತೆ ಎಳೆದೆ.
ಅರವತ್ತೈದು.
ಚೆಂದದ ಲೆಕ್ಕ ಕೆಟ್ಟಿತು.
ಕಡಲೆಕಾಯಿ ಇನ್ನೊಂದು ಹಿಡಿ ಉಳಿದಿತ್ತು.