ಸೋಡಾ

ನಾಲ್ಕೂಕಾಲರ ಗಾಡಿ ಹಾರವಾಡ ದಾಟುವಾಗ
ಹಟ್ಟಿಯ ದೀಪ ಹಾಕುತ್ತೇನೆ.
ಮೊದಲು ಎಮ್ಮೆ ನನ್ನ ಅಂಗೈ ಮೂಸಬೇಕು,
ಅದು ಅದರದೇ ಕಾನೂನು.
ಸಗಣಿ, ಹಿಂಡಿ, ಬೀಡಿ, ಸಾಬೂನು.
ಅಡ್ಡಿಲ್ಲ ಎಂಬಂತೆ ಉಸಿರು ಬಿಟ್ಟು
ಹಿಂಗಾಲು ಸಡಿಲಿಸುತ್ತದೆ.
ಆಮೇಲೆ ಚಂಬಿನ ತಳದಲ್ಲಿ ಹಾಲಿನ ಮಾತು.

ಎರಡು ವರ್ಷದ ಹಿಂದೆ ಇದೇ ಎಮ್ಮೆ
ಒಂದೇ ವಾರದಲ್ಲಿ ಮೂರು ಸಲ ಚಂಬು ಒದ್ದಿತ್ತು.
ದೃಷ್ಟಿಯಾಗಿದೆ ಅಂದೆ ನಾನು.
ಸಾವಂತ್ರಿ ಏನೂ ಅನ್ನದೆ
ಚಂಬು ಕಸಿದುಕೊಂಡು ತಾನೇ ಕೂತಳು.
ಹಾಲು ಬಂತು.
ಆ ಸದ್ದು ಕೇಳುತ್ತ ಬಾಗಿಲಲ್ಲಿ ನಿಂತಿದ್ದೆ, ಪರರ ಮನೆಯವನಂತೆ.
ಆದರೂ ಬಿಡಲಿಕ್ಕೆ
ಮತ್ತೊಂದು ಮಳೆಗಾಲ ಹಿಡಿಯಿತು.

ದಿನ ಎಣಿಸಲು ಬೇರೆ ಲೆಕ್ಕ ಇಟ್ಟಿಲ್ಲ.
ಸೊಸೈಟಿಯ ಹಳದಿ ಪುಸ್ತಕದಲ್ಲಿ ಹಮ್ಮಣ್ಣ ಬರೆಯುತ್ತಾನೆ:
ಮೂರೂವರೆ ಲೀಟರು, ಫ್ಯಾಟು ಆರು ಎಂಟು.
ನಾನೂರ ಹನ್ನೆರಡು ಗೆರೆ, ನಡುವೆ ಖಾಲಿ ಇಲ್ಲ.
ತಾನು ಯಾವುದಕ್ಕೆ ರುಜು ಹಾಕುತ್ತಿದ್ದೇನೆಂದು
ಹಮ್ಮಣ್ಣನಿಗೆ ಗೊತ್ತಿಲ್ಲ.

ಕಷ್ಟ ಸಂಜೆ ಆರರದು.
ಆಗ ಕೈಗೆ ಏನಾದರೂ ಬೇಕು.
ಬೇಡದ ಹುಲ್ಲು ಕೊಯ್ಯುತ್ತೇನೆ.
ಬಾತುಗಳ ಗೂಡಿನ ಚಿಲಕ ಎರಡೆರಡು ಸಲ ನೋಡುತ್ತೇನೆ.
ಆಡಿನ ಗೊರಸು ಕೆತ್ತುತ್ತೇನೆ, ಅದು ಬೈಯುತ್ತದೆ.
ಬೇಣದಿಂದ ದನ ಹೊಡೆದು ತರುವಾಗ
ಹೈವೇ ಬದಿಯ ದಾರಿ ಬಿಟ್ಟು
ಸ್ಮಶಾನದ ಬದಿಯಿಂದ ಬರುತ್ತೇನೆ.
ಅಲ್ಲಿ ಯಾರೂ ಕೂಗಿ ಕರೆಯುವುದಿಲ್ಲ.

ಹೀಗಿರುವಾಗ ಗೇರುಹಣ್ಣಿನ ತಿಂಗಳು ಬಂತು.
ಫೆರ್ನಾಂಡಿಸರ ಬೇಣದಲ್ಲಿ ಬೀಜ ತಿರುಪಿ ಬಿಸಾಡಿದ ಹಣ್ಣು
ರಾಶಿ ರಾಶಿ, ಬಿಸಿಲಿಗೆ ಹುಳಿತು,
ಗಾಳಿಯೇ ಗ್ಲಾಸು ಹಿಡಿದು ನಿಂತ ಹಾಗೆ.
ಮಣಕ ಹೊತ್ತು ಮುಳುಗಿದ ಮೇಲೆ ಬಂತು,
ಮುಂಗಾಲು ಇಡುವ ಮೊದಲು
ನೆಲ ಇದ್ದಲ್ಲೇ ಇದೆಯೇ ಎಂದು ವಿಚಾರಿಸುವ ನಡಿಗೆ.
ಅದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.
ಬೇಲಿಯಾಚೆ ಬುದ್ದು ಗೌಡ್ತಿ ಬಿದ್ದು ಬಿದ್ದು ನಕ್ಕಳು:
“ನಿನ್ನ ಪಾಲಿಂದೂ ಅದೇ ಕುಡ್ದ್ ಬಂತಲ್ಲೊ!”
ನಾನೂ ನಕ್ಕೆ,
ಹೊಟ್ಟೆ ಊದುವ ತನಕ.

ಎಡಪಕ್ಕೆ ತಟ್ಟಿದರೆ ಗುಮಟೆಯ ಸದ್ದು.
ದನದ ಡಾಕ್ಟರು ಕುಮಟೆಯಲ್ಲಿ, ಮದುವೆ ಮನೆಯಲ್ಲಿ.
ಫೋನಿನಲ್ಲಿ ವಾಲಗದ ನಡುವೆ ಕೂಗಿದರು:
“ಅಡಿಗೆ ಸೋಡಾ, ಒಂದು ಮುಷ್ಟಿ,
ನೀರಲ್ಲಿ ಕಲಸಿ ಕುಡಿಸು, ಮಲಗಲಿಕ್ಕೆ ಬಿಡಬೇಡ.”
ಸೋಡಾ.
ಹದಿನೆಂಟು ವರ್ಷ ಆ ಶಬ್ದ
ನನ್ನ ಬಾಯಲ್ಲಿ ಬೇರೆ ನೌಕರಿಯಲ್ಲಿತ್ತು.

ಬಿದಿರಿನ ಗೊಟ್ಟ ಒಡೆದಿತ್ತು.
ಕತ್ತು ಉದ್ದದ ಬಾಟಲಿಯೊಂದು ಬೇಕಿತ್ತು.
ಎಲ್ಲಿದೆಯೆಂದು ನನಗೆ ಗೊತ್ತಿತ್ತು.
ಹಟ್ಟಿಯ ಹಿಂದಿನ ಪಾಗಾರ, ಕೆಳಗಿನಿಂದ ಮೂರನೇ ಕಲ್ಲು ಸಡಿಲ.
ಅರ್ಧ ತುಂಬಿತ್ತು ಇನ್ನೂ.
ಬಿರಡೆ ತಿರುಪಿದೆ.
ಕೆಸುವಿನ ಬುಡಕ್ಕೆ ಬಗ್ಗಿಸಲು ಎಷ್ಟು ಹೊತ್ತು ಹಿಡಿಯಿತೆಂದು
ಕೇಳಬೇಡಿ.
ಮಣಕ ನರಳಿತು. ಬಗ್ಗಿಸಿದೆ.
ಬೂದಿ ಹಾಕಿ ಮೂರು ಸಲ ತೊಳೆದೆ.

ಸಾವಂತ್ರಿ ಅದರ ಬಾಯಿ ಅಗಲಿಸಿ ಹಿಡಿದಳು.
ನೋಡಿದ್ದು ಬಾಟಲಿಯನ್ನು.
“ಇನ್ನೆಷ್ಟವೆ?”
“ಇದೊಂದೇಯ.”

ಅದನ್ನು ನಡೆಸಿದೆ,
ಬಾವಿಯಿಂದ ತೆಂಗಿನ ಬುಡ, ತೆಂಗಿನ ಬುಡದಿಂದ ಬಾವಿ.
ನಾನು ಬಿದ್ದ ಅಂಗಳ ಇದೇ.
ಹಗ್ಗ ಹಿಡಿದವರ ಭುಜ ಎಷ್ಟು ನೋಯುತ್ತದೆ
ಎಂದು ಮೂರು ಗಂಟೆಗೆ ತಿಳಿಯಿತು.
ನಸುಕಿಗೆ ಮಣಕ ಉದ್ದಕ್ಕೆ ತೇಗಿತು.
ಆ ಗಬ್ಬು ನಾತಕ್ಕೆ ಮುಖವೊಡ್ಡಿ ನಿಂತೆ.

ನಾಲ್ಕೂಕಾಲರ ಗಾಡಿ.
ಎಮ್ಮೆ ಅಂಗೈ ಮೂಸಿತು,
ಬಿಟ್ಟು, ಮತ್ತೆ ಮೂಸಿತು.
ಹಿಂಗಾಲು ಸಡಿಲಿಸಲಿಲ್ಲ.
ನಾನು ಬಾಗಿಲ ಕಡೆ ತಿರುಗದೆ ಹೇಳಿದೆ:
“ಬಚ್ಚಲ ಹಂಚಿನ ಸಂದೀಲಿ ಇನ್ನೊಂದದೆ.”
“ಅದು ಯಾವಾಗ್ಲೋ ಹೋಯ್ತು,” ಅಂದಳು ಸಾವಂತ್ರಿ,
“ನಾಯಿ ಉಣುಗಿನ ಎಣ್ಣೆ ಇಟ್ಟದ್ದು ಅದರಲ್ಲೇಯ.
ಏಳು, ನಾನು ಕರೀತೆ.”

ಸೊಸೈಟಿಯಲ್ಲಿ ಹಮ್ಮಣ್ಣ ಬರೆದ: ಎರಡೂಮುಕ್ಕಾಲು.
ಇವತ್ತು ಕಡಿಮೆಯಾಯ್ತಲ್ಲ, ಅಂದ.
ಹೌದು, ಅಂದೆ.
ರುಜು ಹಾಕಿದ.