ಜೇಬಿನ ಮೂಲೆಯ ತಾಮ್ರ

ದಿನಕ್ಕೆ ಮುನ್ನೂರು ಜೀನ್ಸು,
ಒಂದೊಂದಕ್ಕೆ ಆರು ರಿವೆಟ್ಟು.
ಕೌಲ್ ಬಜಾರಿನ ಈ ತಗಡಿನ ಶೆಡ್ಡಿನಲ್ಲಿ
ಬಟ್ಟೆ ಮೊದಲು ಎಲ್ಲಿ ಹರಿಯುತ್ತದೆಂದು
ಕಣ್ಣು ಮುಚ್ಚಿ ಹೇಳಬಲ್ಲೆ: ಜೇಬಿನ ಮೂಲೆ.
ನನ್ನ ಮೈಯ ಹರಿಯುವ ಜಾಗ ಗೊತ್ತಾಗಿದ್ದು
ಎಡಮೊಲೆ ಹೋದ ಮೇಲೆ.

ಈಗ ರಾತ್ರಿ ಊಟವಾದ ಮೇಲೆ ಒಂದು ಬಿಳಿ ಗುಳಿಗೆ.
ಐದು ವರ್ಷ ನುಂಗಬೇಕು; ಎಂಟು ತಿಂಗಳಾಯಿತು.
ಇದು ನುಂಗುವಷ್ಟು ದಿನ ಬಸುರಾಗಬಾರದು ಅಂತ
ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ಚೀಟಿಯ ಹಿಂದೆ ಬರೆದು
ಅಡಿಗೆ ಎರಡು ಗೆರೆ ಎಳೆದಿದ್ದರು.

ಆಶಾ ಗಾದಿಲಿಂಗಮ್ಮ ಚೀಲ ಬಿಚ್ಚಿದಳು:
"ಮಾಲಾ ಐತಿ, ಅಂತರಾ ಐತಿ, ಯಾವ್ದು ಬೇಕವ್ವಾ?"
ಹೆಸರು ಕೇಳಿದರೆ
ನಮ್ಮ ಹುಡುಗಿಯ ಕ್ಲಾಸಿನ ಗೆಳತಿಯರು.
ಗುಳಿಗೆಯೊಳಗೆ, ಸೂಜಿಯೊಳಗೆ ಮಾತ್ರ
ಗಡ್ಡೆಗೆ ರುಚಿ ಹತ್ತಿದ ಅದೇ ಗೊಬ್ಬರ.
ಫೈಲು ತೋರಿಸಿದೆ. ಓದಿ, ನಾಲಿಗೆ ಕಚ್ಚಿಕೊಂಡು
ಜಿಪ್ಪು ಎಳೆದಳು.

ಮೂರು ತಿಂಗಳಿಂದ ಮುಟ್ಟೇ ಇಲ್ಲ,
ಇನ್ನೆಲ್ಲಿಯ ಬಸುರು, ಅಂದಳು ಅತ್ತೆ.
ಡಾಕ್ಟರಮ್ಮನಿಗೆ ಅದನ್ನೇ ಹೇಳಿದೆ. ನಕ್ಕರು:
"ಕರೆಂಟು ಹೋಗೈತಿ ಅಂತ
ತಂತಿ ಮುಟ್ತೀಯೇನು?"

ಎರ್ರಿಸ್ವಾಮಿ ವಾಷಿಂಗ್ ಯೂನಿಟ್ಟಿನಿಂದ ಬಂದ,
ಮೊಣಕೈತನಕ ನೀಲಿ.
ಕತ್ತಲಲ್ಲಿ ಗೋಡೆಗೆ ಹೇಳಿದಂತೆ ಅಂದ:
"ನಾನ ಆಪರೇಷನ್ ಮಾಡಿಸ್ಕೊಂತೀನಿ ಬಿಡು.
ಎರಡು ದಿನದ ಪಗಾರ ಹೊಕ್ಕೈತಿ, ಅಷ್ಟ."
ಎಂಟು ತಿಂಗಳಲ್ಲಿ ಅವನಾಡಿದ ಎಲ್ಲಕ್ಕಿಂತ ಉದ್ದದ ಮಾತು.
ಬ್ಯಾಡ ಅಂದೆ.
ಯಾಕೆಂದು ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ:
ಐದು ವರ್ಷದಾಚೆ ನನಗೆ ಮೂವತ್ತೇಳು,
ಅಲ್ಲೊಂದು ಬಾಗಿಲು ಇರಲಿ,
ತೆರೆಯದೇ ಹೋದರೂ.

ಸೋಮವಾರ ಕಾಪರ್-ಟಿ ಹಾಕಿಸಿಕೊಂಡು ಬಂದೆ.
ಹಾರ್ಮೋನಿಲ್ಲ, ಬರೀ ತಾಮ್ರ.
ಬೇಕಾದಾಗ ತೆಗೆಸಬಹುದು,
ರಕ್ತ ಜಾಸ್ತಿ ಹೋದರೆ ತಡಮಾಡದೆ ಬರಬೇಕು.
ಎರಡು ದಿನ ಹೊಟ್ಟೆ ಕಿವುಚಿತು.
ಬುಧವಾರ ಮಿಷನ್ನಿಗೆ ಕೂತೆ.

ಪೀಸು ಕಮ್ಮಿ ಬಿದ್ದಾವ, ಮೇಸ್ತ್ರಿ ಕೂಗುತ್ತಿದ್ದ.
ಅಂಗೈ ಮೇಲೊಂದು ರಿವೆಟ್ಟು ಇಟ್ಟು ತೂಗಿದೆ.
ಕಡಲೆಕಾಳಿನಷ್ಟೂ ಇಲ್ಲ.
ಇದರ ಮೇಲೆ ಎಷ್ಟು ಗಂಡಸರ ಬಿಡಿಕಾಸು, ಮೊಬೈಲು,
ಬೀಗದ ಕೈ ನಿಂತಿವೆಯೋ!

ರಾತ್ರಿ, ಹೊಲಿಗೆಯ ಗುರುತಿನ ಮೇಲೆ
ಅವನ ನೀಲಿ ಬೆರಳು. ಮೊದಲ ಸಲ.
"ಚುಚ್ಚತೈತೇನು, ಅದು?"
"ಅದಲ್ಲೋ," ಅಂದೆ,
"ನಿನ್ನ ಉಗುರು."